ಚಂದವ್ವ ಮುಲಾಮಿನ ಪರೀಕ್ಷೆ

ಪರಸಪ್ಪನ ಆ ದಿನದ ಪಡಿಪಾಟಲಿಗೆಲ್ಲ ಕಾರಣ ಪುಣೆಯಿಂದ ಬಂದ ಪತ್ರದ ಕೊನೆಯ ಒಂದು ಸಾಲು. ಅದರ ಮೇಲಿನ ಹನ್ನೊಂದು ಸಾಲುಗಳಲ್ಲಿ ಬರೀ ಸಿಹಿಸುದ್ದಿಯೇ ಇತ್ತು. ಅಗರಖೇಡದ ತನ್ನ ಮನೆಯ ಪಡಸಾಲೆಯಲ್ಲಿ ಕುಳಿತು ಅವನು ಕಾಸುವ ನಿಂಬೆ ಮುಲಾಮು ಕಂಪನಿಯವರ ಮನಸ್ಸಿಗೆ ಬಂದಿದೆ, ಐನೂರು ಡಬ್ಬಿ ಬೇಕು, ಹೊರದೇಶದ ಅಂಗಡಿಗಳಲ್ಲಿ ಇಡುತ್ತೇವೆ, ನಮ್ಮ ವಿದ್ಯಾವತಿ ಮೇಡಂ ಬಂದು ಪರೀಕ್ಷೆ ಮಾಡುತ್ತಾರೆ ಎಂದೆಲ್ಲ ಬರೆದಿದ್ದರು. ಕೊನೆಯ ಸಾಲು ಮಾತ್ರ ಹೀಗಿತ್ತು: "ಈ ಮುಲಾಮನ್ನು ಯಾರೂ, ಎಂದೂ, ಯಾವ ಪ್ರಾಣಿಯ ಮೇಲೂ ಪರೀಕ್ಷಿಸಿರಬಾರದು."

ಮೊದಲೆಲ್ಲ ಇಂಥ ಮುಲಾಮುಗಳನ್ನು ಮೊಲದ ಬೆನ್ನು ಬೋಳಿಸಿ ಹಚ್ಚಿ, ಗುಳ್ಳೆ ಏಳುತ್ತವೋ ಇಲ್ಲವೋ ಎಂದು ನೋಡುತ್ತಿದ್ದರಂತೆ. ಈಗ ಆ ದೇಶದ ಗಿರಾಕಿಗಳಿಗೆ ಅದು ಸೇರುವುದಿಲ್ಲವಂತೆ. ಆ ಕೆಲಸವನ್ನು ಕಂಪ್ಯೂಟರಿನಿಂದಲೇ ಮಾಡಿಸುತ್ತಾರಂತೆ. ಪರಸಪ್ಪನಿಗೆ ಇಷ್ಟು ತಿಳಿದದ್ದೇ ತಡ, ಚಿಂತೆ ಶುರುವಾಯಿತು. ಹಳ್ಳಿಯೆಂದ ಮೇಲೆ ಪ್ರಾಣಿಗಳಿಗೇನು ಬರವೇ? ಅವನ ಓಣಿಯಲ್ಲಿ ಮನುಷ್ಯರಿಗಿಂತ ಕೋಳಿಗಳೇ ಹೆಚ್ಚಾಗಿದ್ದವು. ಸಾಲದ್ದಕ್ಕೆ ಮೇಡಂ ಬರುವ ದಿನವೇ ಕಾರಹುಣ್ಣಿಮೆ. ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಊರಬಾಗಿಲಾದ ಅಗಸಿಯಲ್ಲಿ ಕಟ್ಟಿದ 'ಕರಿ' ಎಂಬ ತೋರಣ ಹರಿಯಲು ಅವುಗಳನ್ನು ಓಡಿಸುವ ಹಬ್ಬ. ಊರಿಗೆ ಊರೇ ದನಗಳ ಹಿಂದೆ ಬಿದ್ದಿರುತ್ತದೆ.

ಪರಸಪ್ಪನಿಗೆ ಈ ಆರ್ಡರು ಸಿಗಲೇಬೇಕಿತ್ತು. ಯಾಕೆಂದರೆ ಇದು ಅವನ ಕೊನೆಯ ಉದ್ಯೋಗ. ಹಿಂದೆ ಮೇಣದಬತ್ತಿ ಮಾಡಿದ್ದ. ಬೇಸಿಗೆಯಲ್ಲಿ ಅವೆಲ್ಲ ಡಬ್ಬಿಯೊಳಗೇ ಮಲಗಿಬಿಟ್ಟವು. ಸೋಪಿನ ಪುಡಿ ಮಾಡಿದ್ದ. ಓಣಿಯವರ ಬಣ್ಣದ ಲುಂಗಿಗಳೆಲ್ಲ ಬೆಳ್ಳಗಾದವು. ಆವಾಗ ಸಿಂದಗಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಮಾವ ಮಾಳಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತ ಒಂದೇ ಮಾತು ಹೇಳಿದ್ದ: "ಅಳಿಯಾರ, ಇದೊಂದು ಸಲ ನೋಡ್ರಿ. ಆಗಲಿಲ್ಲಂದ್ರ ಸುಮ್ಮ ಬಂದು ನಮ್ಮ ಅಂಗಡ್ಯಾಗ ಕುಂದರ್ರಿ." ಹಬ್ಬಕ್ಕೆ ಕರೆದರೆ ತಲೆಗೆ ರುಮಾಲು ಸುತ್ತಿ ಗಾದಿಯ ಮೇಲೆ ಕೂಡ್ರಿಸಿ ಹೋಳಿಗೆ ಬಡಿಸುವ ಮನೆ ಅದು. ಆ ಮನೆಯ ಅಂಗಡಿಯಲ್ಲೇ ಅಳಿಯನಾದವನು ಯೂರಿಯಾ ಚೀಲ ಹೊರುವುದೆಂದರೆ! ನೆನೆಸಿಕೊಂಡರೇ ಪರಸಪ್ಪನಿಗೆ ಅನ್ನ ಇಳಿಯುತ್ತಿರಲಿಲ್ಲ. ಹೆಂಡತಿಯನ್ನು ಒಲಿಸಿಕೊಳ್ಳಲೆಂದು ಮುಲಾಮಿಗೆ ಅವಳ ಹೆಸರನ್ನೇ ಇಟ್ಟಿದ್ದ. ಅದರಿಂದ ಚಂದವ್ವ ಒಲಿದದ್ದೇನೂ ಕಾಣೆ. "ಚಂದವ್ವನ್ನ ಹಿಮ್ಮಡಿಗೆ ಹಚ್ಚಕೊಂಡೇನಿ ನೋಡವಾ" ಎಂದು ಓಣಿಯ ಹೆಂಗಸರು ನಗಾಡಿದಾಗೆಲ್ಲ ಅವಳು ಗಂಡನ ಮೇಲೆ ಹರಿಹಾಯುತ್ತಿದ್ದಳು.

ಹಬ್ಬದ ದಿನ ಬೆಳಕು ಹರಿಯುವ ಮೊದಲೇ ಪರಸಪ್ಪ ಬಡಿಗೆ ಹಿಡಿದು ಬಾಗಿಲಲ್ಲಿ ನಿಂತ. ಕೋಳಿಗಳನ್ನು ಓಡಿಸಿದ. ಬೆಕ್ಕನ್ನು ಬೆದರಿಸಿದ. ನಾಯಿಯೊಂದು ಇವನ ಅವತಾರ ನೋಡಿ ತಾನೇ ದಾರಿ ಬದಲಿಸಿತು. ಅಷ್ಟರಲ್ಲಿ ಎದುರುಮನೆಯ ಮಲಿಕಸಾಬ ತನ್ನ ಆಡಿನ ಕಿವಿ ಹಿಡಿದುಕೊಂಡು ಬಂದ. ಯಾರೂ ಕೇಳದಿದ್ದರೂ ಸಹಾಯ ಮಾಡುವುದು ಅವನ ಹುಟ್ಟುಗುಣ.

"ಪರಸಣ್ಣ, ಎರಡು ಸಾವಿರದ ಐದನೇ ಇಸವಿ ಬಂದ್ರೂ ನಿನಗ ಶ್ಯಾಣೇತನ ಬರಲಿಲ್ಲ ನೋಡು. ಕಂಪ್ಯೂಟರಿಗೆ ಚರ್ಮ ಐತೇನು? ತುರಿಕಿ ಹತ್ತಿದ್ರ ಕೆರಕೊಳ್ಳಾಕ ಉಗುರು ಅದಾವೇನು? ತಗೋ, ನಮ್ಮ ಆಡಿಗೆ ಒಂದೀಟು ಹಚ್ಚು. ಅದು ಸುಮ್ಮ ನಿಂತ್ರ ಮಾಲು ಚಲೋ ಅಂತ ತಿಳಿ."

"ನಿನ್ನ ಕಾಲು ಬೀಳ್ತೇನಿ ಮಲಿಕಣ್ಣ, ಆ ಆಡು ಮೊದಲ ಇಲ್ಲಿಂದ ಒಯ್ಯಿ!"

"ಪುಕ್ಕಟ ಕೊಡಾಕತ್ತೇನಲೇ!"

ಇವರಿಬ್ಬರೂ ಹೀಗೆ ಜಗ್ಗಾಡುತ್ತಿರುವಾಗ ಆಡು ಮೆಲ್ಲಗೆ ಪಡಸಾಲೆಗೆ ನುಗ್ಗಿ, ಆರಲೆಂದು ಇಟ್ಟಿದ್ದ ಮುಲಾಮಿನ ಪಾತೇಲಿಯ ಮೇಲಿನ ಬುಟ್ಟಿ ಉರುಳಿಸಿ, ಒಳಗೆ ಮೂತಿ ತೂರಿಸಿತು. ಹೊರಗೆ ಬಂದಾಗ ಅದರ ಮುಖದ ತುಂಬ ಹಳದಿ ಮುಲಾಮು.

ಪಕ್ಕದ ಮನೆಯ ಮುದುಕಿ ಹನಮವ್ವ ಗೋಡೆಯ ಮೇಲಿಂದ ಇಣುಕಿ ನ್ಯಾಯ ಹೇಳಿದಳು: "ಅದು ತಿನ್ನಾಕ ಹೋಗೇತಿ, ಹಚ್ಚಕೊಳ್ಳಾಕಲ್ಲ. ತಿನ್ನಬಾರದಂತ ಪತ್ರದಾಗ ಎಲ್ಲಿ ಬರದಾರ?"

ಪರಸಪ್ಪ ನ್ಯಾಯ ಕೇಳುವ ಸ್ಥಿತಿಯಲ್ಲಿರಲಿಲ್ಲ. ಆಡನ್ನು ಅಂಗಳದ ಬಚ್ಚಲಿಗೆ ಎಳೆದೊಯ್ದು, ಚಂದವ್ವ ಹಬ್ಬಕ್ಕೆಂದು ತಂದಿಟ್ಟಿದ್ದ ಹೊಸ ಸಬಕಾರ ಒಡೆದು ಗಸಗಸ ತಿಕ್ಕತೊಡಗಿದ. ಆಡು ಊರು ಹಾರಿಹೋಗುವಂತೆ ಒದರಿತು. "ನನ್ನ ಸಬಕಾರಾ!" ಎಂದು ಒಲೆಯ ಮುಂದಿನಿಂದ ಚಂದವ್ವ ಅದಕ್ಕಿಂತ ಜೋರಾಗಿ ಒದರಿದಳು. ಒಂದು ಸಲ ತೊಳೆದರೂ ಸಮಾಧಾನವಾಗದೆ ಪರಸಪ್ಪ ಎರಡನೆಯ ಸಲ ತೊಳೆದ. ಮೂರನೆಯ ಸಲ ಮೈತುಂಬ ನೊರೆಯಿದ್ದ ಆಡನ್ನು ತೊಡೆಯ ಮೇಲೆ ಅಮುಕಿ ಹಿಡಿದುಕೊಂಡಿದ್ದಾಗ, ಹೆಗಲಿಗೆ ಕರಿ ಚೀಲ ಹಾಕಿಕೊಂಡ ಹೆಣ್ಣುಮಗಳೊಬ್ಬಳು ಅಂಗಳದಲ್ಲಿ ಬಂದು ನಿಂತಳು.

"ಪರಸಪ್ಪ ಅಂದ್ರ ನೀವೇನ್ರಿ? ನಾನು ವಿದ್ಯಾವತಿ, ಪುಣೆ ಕಂಪನಿಯಾಕಿ. ಇದೇನು ಮಾಡಾಕತ್ತೀರಿ?"

"ಹಬ್ಬರಿ ಮೇಡಂ... ಕಾರಹುಣ್ಣಿವಿ... ಆಡಿನ ಪೂಜಾ."

"ನಾನೂ ಮುದ್ದೇಬಿಹಾಳದಾಕಿನ. ಕಾರಹುಣ್ಣಿವಿಗೆ ಎತ್ತಿನ ಪೂಜಾ ಕೇಳೇನಿ, ಆಡಿಂದು ಎಲ್ಲೂ ಕೇಳಿಲ್ಲ."

ಪರಸಪ್ಪ ಅತ್ತೇಬಿಟ್ಟ. ಇದ್ದದ್ದನ್ನೆಲ್ಲ ಹೇಳಿದ. ವಿದ್ಯಾವತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಆಡು ಬಾಯಿ ಹಾಕಿದ್ದು ಪರೀಕ್ಷಾ ಅಲ್ಲರಿ. ಮನಷ್ಯಾರು ಬೇಕಂತ ಪ್ರಾಣಿಗೆ ಹಚ್ಚಿ, ಏನಾಗತೈತಿ ಅಂತ ನೋಡಿದ್ರ ಅದು ಪರೀಕ್ಷಾ. ಪಾಪ, ಅದನ್ನ ಬಿಟ್ಟುಬಿಡ್ರಿ." ಅವನು ಬಿಟ್ಟ ಕೂಡಲೇ ಆಡು ಹಾರಿಹೋಗಿ ಮಲಿಕಸಾಬನ ಹಿಂದೆ ನಿಂತಿತು. ಪರಸಪ್ಪನಿಗೆ ಹೋದ ಜೀವ ಬಂದಂತಾಯಿತು.

ಪಡಸಾಲೆಯಲ್ಲಿ ಮೇಡಂ ಲ್ಯಾಪ್‌ಟಾಪು ತೆರೆದದ್ದೇ ತಡ, ಅರ್ಧ ಓಣಿ ಒಳಗೆ ಬಂದು ಕೂತಿತು. ಕರೆಂಟು ಹೋಗಿತ್ತು. ಬ್ಯಾಟರಿ ಅರ್ಧ ತಾಸು ತಡೆಯುತ್ತದೆಂದು ಹೇಳಿ ವಿದ್ಯಾವತಿ ಬೇಗ ಬೇಗ ಕೇಳತೊಡಗಿದಳು. "ಮುಲಾಮಿನ್ಯಾಗ ಏನೇನು ಹಾಕೀರಿ?"

"ಕುಸುಬಿ ಎಣ್ಣಿ, ಜೇನಮೇಣ, ನಿಂಬಿ ಸಿಪ್ಪಿ ಎಣ್ಣಿ."

"ಮತ್ತ?"

"ಅಷ್ಟರಿ."

"ಸೊಲ್ಲಾಪುರದ ಸೆಂಟು ಯಾಕ ಹೇಳವಲ್ರಿ?" ಎಂದು ಒಳಗಿನಿಂದ ಚಂದವ್ವನ ದನಿ ಬಂತು.

ಅದು ಪರಸಪ್ಪನ ಗುಟ್ಟಿನ ಸರಕು. ಹಲ್ಲು ಕಚ್ಚುತ್ತ ಸೀಸೆ ತಂದುಕೊಟ್ಟ. ವಿದ್ಯಾವತಿ ಅದರ ಮೇಲಿನ ಸಣ್ಣ ಅಕ್ಷರಗಳನ್ನು ಓದಿ, ಒಂದೊಂದೇ ರಾಸಾಯನಿಕದ ಹೆಸರು ಕುಟ್ಟಿದಳು. ಪರದೆಯ ಮೇಲೆ ಗೆರೆಗಳಿಂದ ಕೂಡಿದ ಆರು ಮೂಲೆಯ ಚಿತ್ರಗಳು ಮೂಡಿದವು. "ರಂಗೋಲಿ ಹಾಕಾಕತ್ತೈತಿ" ಎಂದು ಮಲಿಕಸಾಬ ಎಲ್ಲರಿಗೂ ತಿಳಿಸಿ ಹೇಳಿದ.

"ಇದು ಅಣುವಿನ ಆಕಾರ ಅಣ್ಣಾರ. ತುರಿಕಿ ತಂದಿದ್ದು, ತರದೇ ಇದ್ದದ್ದು, ಅಂಥಾ ಸಾವಿರಾರು ರಾಸಾಯನಿಕಗಳ ಲೆಕ್ಕ ಇದರಾಗ ಐತಿ. ಹೊಸಾದು ಬಂತಂದ್ರ ಅದರ ಆಕಾರ ಯಾರನ್ನ ಹೋಲತೈತಿ ಅಂತ ಹುಡುಕಿ, ಚರ್ಮಕ್ಕ ಕೆಡಕು ಮಾಡತೈತೋ ಇಲ್ಲೋ ಅಂತ ಅಂದಾಜು ಹೇಳತೈತಿ."

"ಅಂದ್ರ ಕನ್ಯಾ ನೋಡಾಕ ಹೋದಾಗ ಮನೆತನ ಕೇಳಿದಂಗ" ಎಂದಳು ಹನಮವ್ವ. "ಆದ್ರ ತಂಗಿ, ಮನೆತನ ಚಲೋ ಇದ್ದೂ ಹುಡುಗಿ ಜಗಳಗಂಟಿ ಇರಬಹುದಲ್ಲ?"

"ಇರಬಹುದಬೇ. ಅದಕ್ಕ ನಾವು ಇದೊಂದನ್ನ ನಂಬಿ ಕೂಡೂದಿಲ್ಲ. ಪುಣೆಯಾಗ ಗಾಜಿನ ತಟ್ಟಿಯೊಳಗ ಬೆಳೆಸಿದ ಚರ್ಮದ ಮ್ಯಾಲೂ ನೋಡತೀವಿ."

ಕಂಪ್ಯೂಟರು ಸೆಂಟಿನ ಮುಂದೆ ಕೆಂಪು ಗುರುತು ಒತ್ತಿತು. "ಇದು ತುರಿಕಿ ತರೂ ಮನೆತನದ್ದರಿ" ಎಂದಳು ವಿದ್ಯಾವತಿ, ಹನಮವ್ವನ ಮಾತನ್ನೇ ಹಿಡಿದು. ಪರಸಪ್ಪ ಎದ್ದು ಸೀಸೆಯನ್ನು ತಿಪ್ಪೆಗೆ ಎಸೆದು ಬಂದ. ನಿಂಬೆ ಎಣ್ಣೆಗೆ ಹಳದಿ ಗುರುತು ಬಂತು. ಹಳೆಯದಾಗಿ ಗಾಳಿ ತಾಗಿದರೆ ಅದೂ ತೊಂದರೆ ಕೊಡುತ್ತದಂತೆ. ತಾಜಾ ಎಣ್ಣೆಯನ್ನೇ ಹಾಕುತ್ತೇನೆ, ಸ್ವಲ್ಪವೇ ಹಾಕುತ್ತೇನೆ, ಮುಚ್ಚಳ ಬಿಗಿಯಾಗಿ ಹಾಕುತ್ತೇನೆ ಎಂದು ಪರಸಪ್ಪ ಮನೆದೇವರ ಆಣೆ ಮಾಡಿದ. ವಿದ್ಯಾವತಿ ಹೊಸ ಪ್ರಮಾಣ ಹಾಕಿ ಮತ್ತೆ ಗುಂಡಿ ಒತ್ತಿದಳು. ಬ್ಯಾಟರಿ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಎಲ್ಲವೂ ಹಸಿರಾದವು.

ಚಂದವ್ವ ಓಡಿಬಂದು ಎಲ್ಲರಿಗೂ ಹೋಳಿಗೆ ಕೊಟ್ಟಳು. ಮಗಳ ಮನೆಗೆ ಹಬ್ಬಕ್ಕೆಂದು ಆಗತಾನೆ ಸಿಂದಗಿಯಿಂದ ಬಂದಿಳಿದ ಮಾಳಪ್ಪ ಅಳಿಯನ ಕೈ ಕುಲುಕಿ, "ಗೆದ್ರಿ ನೋಡ್ರಿ ಅಳಿಯಾರ" ಎಂದ. ಊಟ, ಮಾತು, ನಗು ಎಲ್ಲ ಮುಗಿಯುವಷ್ಟರಲ್ಲಿ ಹೊತ್ತು ಇಳಿದಿತ್ತು. ವಿದ್ಯಾವತಿ ಕಾಗದ ತೆಗೆದು ಮುಂದಿಟ್ಟಳು. ಈ ಮುಲಾಮನ್ನು ಯಾವ ಪ್ರಾಣಿಯ ಮೇಲೂ ಪರೀಕ್ಷಿಸಿಲ್ಲ ಎಂದು ಪರಸಪ್ಪ ಬರೆದುಕೊಟ್ಟರೆ ಇಲ್ಲಿಯ ಕೆಲಸ ಮುಗಿಯಿತು, ಪುಣೆಯ ತಟ್ಟೆಯ ಚರ್ಮಕ್ಕೂ ಒಗ್ಗಿದರೆ ಆರ್ಡರು ಅವನದೇ. ಪರಸಪ್ಪ ಪೆನ್ನು ಹಿಡಿದು ಕಾಗದದ ಮೇಲೆ "ಪ" ಬರೆದ.

ಆಗ ಅಗಸಿಯ ಕಡೆಯಿಂದ ಹಲಗೆ ಬಾರಿಸುವ ಸದ್ದು ಬಂತು. ಕೇಕೆ ಹತ್ತಿರವಾಯಿತು. ನೋಡಿದರೆ ಊರ ಹಿರಿಯ ಗುರುಲಿಂಗಪ್ಪಗೌಡರು ತಮ್ಮ ಬಿಳಿ ಎತ್ತಿನ ಹಗ್ಗ ಹಿಡಿದುಕೊಂಡು, ಮೈಯೆಲ್ಲ ಗುಲಾಲು ಮಾಡಿಕೊಂಡು, ಮೂವತ್ತು ಮಂದಿ ರೈತರ ಸಮೇತ ನೇರವಾಗಿ ಇವನ ಅಂಗಳಕ್ಕೇ ಬಂದರು. ಅವರ ಕೈಯಲ್ಲಿದ್ದ ಹೂವಿನ ಹಾರ ಪರಸಪ್ಪನ ಕೊರಳಿಗೆ ಬಿತ್ತು.

"ನಮ್ಮ ಎತ್ತು ಕರಿ ಹರೀತೋ ಪರಸಪ್ಪ! ಎಲ್ಲಾ ನಿನ್ನ ಮುಲಾಮಿನ ಪುಣ್ಯ!"

ಪರಸಪ್ಪನ ಕೈಯಿಂದ ಪೆನ್ನು ಬಿತ್ತು. "ಏನಂದ್ರಿ ಗೌಡ್ರ?"

"ನೊಗ ತಿಕ್ಕಿ ಇದರ ಹೆಗಲು ಹುಣ್ಣಾಗಿತ್ತಲ್ಲ, ದಿನಾ ಎರಡು ಹೊತ್ತು ಹಚ್ಚಿದೆ."

ಚಂದವ್ವ ಹಣೆ ಬಡಿದುಕೊಂಡಳು. "ಅಲ್ರಿ ಗೌಡ್ರ, ಕಾಲು ಒಡದಾವಂತ ಹೇಳಿ ಡಬ್ಬಿ ಇಸಕೊಂಡು ಹೋದ್ರಲ್ಲ!"

"ಕಾಲು ಒಡದದ್ದು ಖರೇನವಾ. ಆದ್ರ ಮನಿಯಾಗ ಎತ್ತು ನರಳೂ ಮುಂದ ನಾ ನನ್ನ ಕಾಲಿಗೆ ಹಚ್ಚಕೊಂಡ್ರ ಶಿವ ಮೆಚ್ಚತಾನೇನು?" ಎಂದ ಗೌಡರು ಲ್ಯಾಪ್‌ಟಾಪಿನ ಮುಂದಿದ್ದ ವಿದ್ಯಾವತಿಯ ಕಡೆ ತಿರುಗಿದರು. "ಬಾಯಾರ, ಇದನ್ನೂ ಅದರಾಗ ಬರಕೊಳ್ರಿ. ಹದಿನೈದು ದಿನ. ಮೊದಲ ದಿವಸ ಹುಣ್ಣು ಅಂಗೈಯಷ್ಟು. ಐದನೇ ದಿವಸ ನಿಂಬಿಹಣ್ಣಿನಷ್ಟು. ಹತ್ತನೇ ದಿವಸ ಹುಣಸಿ ಬೀಜದಷ್ಟು. ದಿನಾ ಗ್ವಾಡಿ ಮ್ಯಾಲೆ ಇದ್ದಲಿಲೆ ಬರದಿಟ್ಟೇನಿ, ಬೇಕಾದ್ರ ಬಂದು ನೋಡ್ರಿ!"

ವಿದ್ಯಾವತಿಯ ಮುಖ ಸಣ್ಣದಾಯಿತು. "ಗೌಡ್ರ, ನಮ್ಮ ಕಂಪನಿಯಾಗೂ ಇಷ್ಟು ಚಲೋ ಪರೀಕ್ಷಾ ಮಾಡಿಲ್ಲರಿ" ಎಂದು ಕಾಗದವನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು.

"ಮೇಡಂ, ಅದು ಸೆಂಟಿನ ಮುಲಾಮರಿ! ಇವತ್ತಿಂದು ಬ್ಯಾರೆ ಮಾಲು, ಸೆಂಟಿಲ್ಲದ್ದು!" ಎಂದು ಪರಸಪ್ಪ ಗೋಗರೆದ.

"ಉಳಿದ ಮೂರು ಸಾಮಾನು ಅವೇ ಅದಾವಲ್ಲರಿ. ನನಗ ಸುಳ್ಳು ಬರಿಯಾಕ ಬರೂದಿಲ್ಲ. ನನಗೂ ಭಾಳ ಕೆಟ್ಟ ಅನಿಸಾಕತ್ತೈತಿ ಅಣ್ಣಾರ." ನಿಜವಾಗಿಯೂ ಅವಳ ಕಣ್ಣಲ್ಲಿ ನೀರಿತ್ತು.

ಪರಸಪ್ಪ ಹಾರ ಹಾಕಿಕೊಂಡೇ ಕಟ್ಟೆಯ ಮೇಲೆ ಕುಸಿದು ಕೂತ. ಆದರೆ ಗೌಡರ ಜೊತೆ ಬಂದಿದ್ದ ರೈತರು ಸುಮ್ಮನಿರಲಿಲ್ಲ. ನನ್ನ ಎತ್ತಿಗೊಂದು ಡಬ್ಬಿ, ನನಗೆರಡು ಎಂದು ಗದ್ದಲ ಎಬ್ಬಿಸಿದರು. ವ್ಯಾಪಾರಿ ಮಾಳಪ್ಪನ ಕಿವಿ ನೆಟ್ಟಗಾದವು. "ಎಲ್ಲಾರಿಗೂ ಕೊಡೂಣು! ನಮ್ಮ ಅಂಗಡ್ಯಾಗ ಇಡತೇನಿ, ಸಿಂದಗಿಗೆ ಬರ್ರಿ!" ಎಂದು ಕೂಗಿದ. ಪರಸಪ್ಪನ ಮುಖದಲ್ಲಿ ಮತ್ತೆ ಕಳೆ ಬಂತು. ಮುಲಾಮು ಮಾವನ ಅಂಗಡಿಯಲ್ಲಿ ಕೂತರೆ ತಾನು ಮನೆಯಲ್ಲಿ ಕೂಡಬಹುದಲ್ಲ!

"ತಡೀರಿ" ಎಂದು ಗೌಡರು ಕೈ ಎತ್ತಿದರು. "ಸೆಂಟು ತೆಗದಾನಂತ, ಈಗ ಹೇಳಿದ. ಅಂದ್ರ ಇದು ಹೊಸಾ ಮಾಲು. ಗೊತ್ತಿಲ್ಲದ ಮಾಲು ಎತ್ತಿಗೆ ಹ್ಯಾಂಗ ಹಚ್ಚೂದು? ಮೂಕಪ್ರಾಣಿ. ಉರದ್ರ ಬಾಯಿಬಿಟ್ಟು ಹೇಳತೈತೇನು?"

"ಕಂಪ್ಯೂಟರ ಹಸರು ತೋರಿಸೇತ್ರಿ ಗೌಡ್ರ!" ಎಂದ ಪರಸಪ್ಪ.

"ಎತ್ತಿನ ಚರ್ಮದ ಲೆಕ್ಕ ಐತೇನ್ರಿ ಬಾಯಾರ ಅದರಾಗ?"

ವಿದ್ಯಾವತಿ ಸುಳ್ಳು ಹೇಳುವವಳಲ್ಲ. "ಇಲ್ಲರಿ, ಮನಷ್ಯಾರದಷ್ಟ."

"ಹಂಗಾರ ಮನಷ್ಯಾರಿಗೆ ಏನೂ ಆಗೂದಿಲ್ಲಂತ ಗ್ಯಾರಂಟಿ ಆತು. ಮೊದಲ ಮನಷ್ಯಾಗ ಹಚ್ಚಿ ನೋಡೂಣು, ಆಮ್ಯಾಲೆ ಎತ್ತಿಗೆ" ಎಂದು ಗೌಡರು ತೀರ್ಪು ಕೊಟ್ಟರು. ಮೂವತ್ತೂ ಮಂದಿ ಹೌದು ಹೌದು ಎಂದು ತಲೆ ಅಲ್ಲಾಡಿಸಿದರು. ಮಲಿಕಸಾಬನಂತೂ ಎಲ್ಲರಿಗಿಂತ ಮೊದಲು ಓಡಿಹೋಗಿ ಪರಸಪ್ಪನ ಅಂಗಿಯ ತೋಳು ಮೇಲಕ್ಕೆ ಮಡಚಿದ.

ಮರುವಾರದಿಂದ ಪರಸಪ್ಪ ಸಿಂದಗಿಯಲ್ಲಿ, ಮಾವನ ಗೊಬ್ಬರದ ಅಂಗಡಿಯಲ್ಲಿ, ಯೂರಿಯಾ ಚೀಲಗಳ ನಡುವೆ ಎರಡೂ ತೋಳು ಚಾಚಿಕೊಂಡು ಕೂತಿರುತ್ತಾನೆ. ಗಿರಾಕಿಗಳು ಡಬ್ಬಿ ಒಡೆದು ಅವನ ತೋಳಿಗೆ ಹಚ್ಚಿ, ಒಂದು ಚಾ ಕುಡಿದು ಬಂದು, ಬಗ್ಗಿ ನೋಡಿ, "ಉರಿಯಾಕತ್ತೈತೇನ್ರಿ?" ಎಂದು ಕೇಳಿ, ಇಲ್ಲ ಎಂದರೆ ಎತ್ತಿಗೆ ಒಯ್ಯುತ್ತಾರೆ. ಯಾರಿಗೂ ಅನುಮಾನ ಇರಬಾರದೆಂದು ಮಾಳಪ್ಪ ಬಾಗಿಲಿಗೆ ದೊಡ್ಡ ಬೋರ್ಡು ಬರೆಸಿ ಹಾಕಿದ್ದಾನೆ: "ಚಂದವ್ವ ಎತ್ತಿನ ಮುಲಾಮು. ಪ್ರತಿಯೊಂದು ಡಬ್ಬಿಯೂ ಅಳಿಯನ ಮೇಲೆ ಪರೀಕ್ಷಿಸಿದ್ದು."