ಪರ್ಮಿಟ್ ರೂಮಿನಲ್ಲಿ ಮಾವನವರು

ಕಾಯಿಲೆ ಬಂದವರು ಡಾಕ್ಟರ ಬಳಿ ಹೋಗುತ್ತಾರೆ. ನಾನು ಡಾಕ್ಟರ ಬಳಿ ಹೋಗಿ ಕಾಯಿಲೆ ಬರೆಸಿಕೊಂಡು ಬಂದವನು. ಇದು ಎಪ್ಪತ್ತರ ದಶಕದ ಆರಂಭದ ಮಾತು. ಮುಂಬಯಿಯಲ್ಲಿ ಆಗ ಒಂದು ಗ್ಲಾಸ್ ಬಿಯರ್ ಕುಡಿಯಬೇಕಾದರೂ ಸರಕಾರದ ಪರ್ಮಿಟ್ ಬೇಕು. ಪರ್ಮಿಟ್ ಸಿಗಬೇಕಾದರೆ ಈ ಮನುಷ್ಯನ ಆರೋಗ್ಯಕ್ಕೆ ಮದ್ಯ ಅವಶ್ಯ ಎಂದು ಡಾಕ್ಟರು ಬರೆದುಕೊಡಬೇಕು. ನಮ್ಮ ಆಫೀಸಿನಲ್ಲಿ ಪೈಲವಾನರಂತಿದ್ದವರೆಲ್ಲ ಕಾಗದದ ಮೇಲೆ ರೋಗಿಗಳಾಗಿದ್ದರು. ನಾನಂತೂ ತೀರ ಸಣ್ಣ ರೋಗಿ. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ, ಲೋಕಲ್ ರೈಲು ಇಳಿದು, ಒಂದೇ ಒಂದು ಬಿಯರ್ ಕುಡಿದು ಮನೆಗೆ ಹೋಗುವವನು. ಈ ರೋಗದ ಸುದ್ದಿಯನ್ನು ಹೆಂಡತಿಗೆ ಹೇಳಿರಲಿಲ್ಲ. ಪಾಪ, ಸುಮ್ಮನೆ ಗಾಬರಿಯಾದಾಳು ಎಂಬುದು ನನಗೆ ನಾನೇ ಕೊಟ್ಟುಕೊಂಡ ಕಾರಣ.

ಚಿಕಿತ್ಸೆ ನಡೆಯುತ್ತಿದ್ದುದು ಜೋಗೇಶ್ವರಿ ಸ್ಟೇಷನ್ನಿನ ಎದುರಿನ ಗಲ್ಲಿಯಲ್ಲಿ, ಉಡುಪಿ ಕಡೆಯ ಶೆಟ್ಟರ ಹೋಟೆಲಿನಲ್ಲಿ. ಶೆಟ್ಟರಿಗೆ ಆ ಗಲ್ಲಿಯನ್ನು ಉದ್ಧಾರ ಮಾಡುವ ಹುಚ್ಚು ಹಿಡಿದಿತ್ತು. ಒಂದು ತುದಿಗೆ ಸಿನಿಮಾ ಥಿಯೇಟರು, ಇನ್ನೊಂದು ತುದಿಗೆ ಐಸ್‌ಕ್ರೀಮ್ ಪಾರ್ಲರು, ಉದ್ದಕ್ಕೂ ಬಣ್ಣದ ದೀಪ. "ಬಾಂದ್ರಾದ ಸಿರಿವಂತರು ಗಾಡಿ ಹತ್ತಿ ಇಲ್ಲಿಗೆ ಬರಬೇಕು ಮಾರಾಯ್ರೆ, ಬಾರದೆ ಹೋದರೆ ಕೇಳಿ" ಎನ್ನುತ್ತಿದ್ದರು. ಸದ್ಯಕ್ಕೆ ಗಲ್ಲಿಯಲ್ಲಿದ್ದುದು ಒಂದು ಹಿಟ್ಟಿನ ಗಿರಣಿ, ಎರಡು ಎಮ್ಮೆ. ಆದರೂ ಮೊದಲ ಹೆಜ್ಜೆಯಾಗಿ ಶೆಟ್ಟರು ಹೋಟೆಲಿನ ಹಿಂದಿನ ಕೋಣೆಗೆ ಪರದೆ ಕಟ್ಟಿ, ಪರ್ಮಿಟ್ ಇದ್ದವರಿಗೆ ಮದ್ಯ ಮಾರುವ ಲೈಸೆನ್ಸ್ ತಂದರು. ಬೋರ್ಡಿನ ಮೇಲೆ ಬಾಟಲಿಯ ಚಿತ್ರ ಬರೆಸಲು ಹೊರಟವರನ್ನು ತಡೆದವನು ನಾನೇ. ಮರ್ಯಾದಸ್ಥರು ಬರುವ ಜಾಗ, ಬಾಟಲಿ ಬೇಡ, ನಮ್ಮವರಿಗೆ ತಿಳಿಯುವಂತೆ ಕನ್ನಡದಲ್ಲೂ ಬರೆಸಿ ಎಂದು ಉಪದೇಶ ಮಾಡಿ, "ಪರ್ಮಿಟ್ ರೂಮ್, ಒಳಗೆ ಬನ್ನಿ" ಎಂದು ದುಂಡಗೆ ಬರೆದುಕೊಟ್ಟೆ. ನನ್ನ ಅಕ್ಷರಕ್ಕೆ ಬಣ್ಣ ಬಿದ್ದಾಗ ಎಷ್ಟು ಹೆಮ್ಮೆಪಟ್ಟೆನೆಂದರೆ, ಅವತ್ತು ರೋಗ ಕೊಂಚ ಉಲ್ಬಣಿಸಿತು.

ಇಂಥ ಹೊತ್ತಿನಲ್ಲಿ ಗದುಗಿನಿಂದ ನನ್ನ ಮಾವನವರು ಬಂದರು. ನಿವೃತ್ತ ಕನ್ನಡ ಮಾಸ್ತರರು. ಪ್ರಾಯದಲ್ಲಿ ಸಿಂದಿ ಅಂಗಡಿಯ ಮುಂದೆ ನಿಂತು, ಕುಡಿಯಬೇಡಿರೆಂದು ಒಳಗೆ ಹೋಗುವವರ ಕಾಲಿಗೆ ಬಿದ್ದು ಹಿಂದಕ್ಕೆ ಕಳಿಸುತ್ತಿದ್ದವರು. ಅವರ ಕಿರಿಮಗಳ ಮದುವೆ ಹತ್ತೇ ದಿನದಲ್ಲಿ, ಮುಂಬಯಿಯಲ್ಲೇ. ಸಕ್ಕರೆಗೆ ರೇಶನ್ ಇದ್ದ ಕಾಲ. ಮದುವೆಯ ಲಾಡುವಿಗೆ ಬೇಕಾದ ಸಕ್ಕರೆಗೂ ಪರ್ಮಿಟ್ ತರಬೇಕು. ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೂರು ದಿನದಿಂದ "ಇವತ್ತು ರೇಶನ್ ಆಫೀಸಿಗೆ ಹೋಗಿ ಪಾಳಿ ಹಚ್ಚತೀನಿ" ಎನ್ನುತ್ತಲೇ ಇದ್ದೆ. ಶನಿವಾರ ಬೆಳಿಗ್ಗೆ ದೇವರ ಮುಂದೆ ನಿಂತೂ ಹಾಗೆಯೇ ಹೇಳಿದೆ. ಮಧ್ಯಾಹ್ನ ಮೂರಕ್ಕೆ ಶೆಟ್ಟರ ಪರದೆಯ ಹಿಂದೆ ಬಿಯರಿನ ಎದುರು ಕೂತಿದ್ದೆ.

ಪರದೆ ಸರಿಯಿತು. ಕರಿ ಟೋಪಿ, ಕಚ್ಚೆ ಪಂಚೆ, ಕೈಯಲ್ಲಿ ಸಕ್ಕರೆಯ ಅರ್ಜಿ. ಮಾವನವರು! ನನ್ನ ಮೇಲೆ ಭರವಸೆ ಸಾಲದೆ ಸ್ವತಃ ಹೊರಟವರ ಕಣ್ಣಿಗೆ ನನ್ನ ದುಂಡನೆಯ ಅಕ್ಷರ ಬಿದ್ದಿತ್ತು. ನಾನು ಪೇಪರನ್ನು ಮುಖಕ್ಕೆ ಹಿಡಿದೆ. ಸಿಕ್ಕಿಬಿದ್ದರೆ ಅವರ ಮನೆಯಲ್ಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಉಳಿಯುವುದಿಲ್ಲ.

"ನಮಸ್ಕಾರ್ರೀ. ಪರ್ಮಿಟ್ ಸಾಹೇಬರು ಎಲ್ಲಿ ಅದಾರ್ರೀ?" ಎಂದರು ಮಾವನವರು.

"ಸಾಹೇಬರು ಯಾರೂ ಇಲ್ಲ, ಎಲ್ಲ ನಾನೇ" ಎಂದರು ಶೆಟ್ಟರು. "ಪರ್ಮಿಟ್ ಉಂಟಾ?"

"ಇಲ್ಲರೀ. ಇಲ್ಲಂತನ ಬಂದೀನಿ."

"ಪರ್ಮಿಟ್ ಇಲ್ಲದವರು ಇಲ್ಲಿ ಕೂರುವ ಹಾಗಿಲ್ಲ ಮಾರಾಯ್ರೆ. ಸರಕಾರದ ರೂಲು."

"ಛಲೋ ಆತು! ಪರ್ಮಿಟ್ ಇದ್ದಾಂವ ಇಲ್ಲಿಗ್ಯಾಕ ಬರ್ತಾನ್ರೀ?"

ಗ್ರಾಂಟ್ ರೋಡಿನಲ್ಲಿ ಇಪ್ಪತ್ತು ವರ್ಷ ಹೋಟೆಲು ನಡೆಸಿ ಬಂದ ಶೆಟ್ಟರಿಗೂ ಈ ಪ್ರಶ್ನೆ ಹೊಸದು. ಮೆಲ್ಲಗೆ, "ನಿಮಗೆ ಎಷ್ಟು ಬೇಕಿತ್ತು?" ಎಂದರು.

"ಮದಿವಿ ಅದರೀ. ಮುನ್ನೂರು ಮಂದಿ ಆಗ್ತಾರ."

"ಮುನ್ನೂರು ಜನಕ್ಕೂ ಬೇಕಾ?"

"ಬ್ಯಾಡೇನ್ರೀ ಮತ್ತ? ಹೆಣ್ಮಕ್ಕಳಿಗೆ ಒಂದೀಟು ಹೆಚ್ಚಿಗೇ ಬೇಕು. ಸಣ್ಣ ಹುಡುಗರಂತೂ ಕೊಟ್ಟಷ್ಟೂ ಬೇಡ್ತಾವ."

ಶೆಟ್ಟರು ಕುರ್ಚಿ ಎಳೆದುಕೊಂಡು ಕೂತರು. "ಒಬ್ಬೊಬ್ಬರಿಗೂ ಡಾಕ್ಟರ ಸರ್ಟಿಫಿಕೇಟ್ ಬೇಕಾಗ್ತದೆ."

ಮಾವನವರು ಸ್ವಲ್ಪ ಯೋಚಿಸಿ, "ಖರೇ ಅದ. ಸಕ್ರಿ ರೋಗ ಇದ್ದವರಿಗೆ ಸಕ್ರಿ ಕೊಡಬಾರದಲ್ಲ. ನಿಮ್ಮ ಸರಕಾರ ಭಾಳ ಶ್ಯಾಣ್ಯಾ ಅದ ಬಿಡ್ರಿ" ಎಂದರು.

ನನಗೆ ತಡೆಯಲಾಗಲಿಲ್ಲ. ಪೇಪರಿನ ಹಿಂದಿನಿಂದ ನಗು ಪುಸಕ್ಕೆಂದು ಹಾರಿತು. ಮಾವನವರು ಬಗ್ಗಿ ನೋಡಿದರು. "ಅಯ್ಯ, ಅಳಿಯಂದಿರ! ನೀವು ಆಗಲೇ ಬಂದು ಪಾಳಿ ಹಚ್ಚೀರಿ! ಮನ್ಯಾಗ ಕೂತು ನಾ ಸುಮ್ಮನ ಸಂಶೇ ಪಟ್ಟೆನಲ್ಲ" ಎಂದು ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು. ನಾಚಿಕೆಯಿಂದ ನಾನು ಕುಗ್ಗಿಹೋದೆ.

ಅಷ್ಟರಲ್ಲಿ ಅವರ ದೃಷ್ಟಿ ಗ್ಲಾಸಿನ ಮೇಲೆ ಬಿತ್ತು. "ಇದೇನ್ರೀ?"

"ಬಾರ್ಲಿ ನೀರು. ಉಷ್ಣಕ್ಕೆ ಒಳ್ಳೆಯದು" ಎಂದರು ಶೆಟ್ಟರು. ಬಿಯರ್ ಮಾಡುವುದು ಬಾರ್ಲಿಯಿಂದಲೇ ಆದ್ದರಿಂದ ಒಂದು ಲೆಕ್ಕಕ್ಕೆ ಸುಳ್ಳಲ್ಲ. ನಲವತ್ತು ವರ್ಷ ನಶ್ಯ ಏರಿಸಿದ ಮಾವನವರ ಮೂಗು ಅವರಿಗಿಂತ ಮೊದಲೇ ನಿವೃತ್ತವಾಗಿದ್ದರಿಂದ ಮಾತು ನಡೆಯಿತು. ಆದರೆ ಅವರು, "ಬಿಸಲಾಗ ಬಂದೀನಿ, ನನಗೂ ಒಂದು ಗ್ಲಾಸ್ ಕೊಡ್ರಿ" ಎಂದುಬಿಟ್ಟರು!

ಸಿಂದಿ ಅಂಗಡಿಯ ಮುಂದೆ ಕಾಲಿಗೆ ಬಿದ್ದ ಮನುಷ್ಯ. ಅವರ ವ್ರತವನ್ನು ನಾನೇ ಕೈಯಾರೆ ಮುರಿಯಬೇಕೆ? ಎಲ್ಲ ಒಪ್ಪಿಕೊಂಡುಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಶೆಟ್ಟರು ಕೈಮುಗಿದು, "ಪರ್ಮಿಟ್ ಇಲ್ಲದವರಿಗೆ ತೊಟ್ಟು ಸಹ ಕೊಡಲಿಕ್ಕಿಲ್ಲ. ಕೊಟ್ಟರೆ ನನ್ನ ಲೈಸೆನ್ಸ್ ಹೋಗ್ತದೆ" ಎಂದರು. ಅಷ್ಟು ವರ್ಷ ಬಾಯಿಗೆ ಬಂದಂತೆ ಬೈದ ಆ ಕಾನೂನಿಗೆ ಅವತ್ತು ಮನಸ್ಸಿನಲ್ಲೇ ಅಡ್ಡಬಿದ್ದೆ.

ಸಕ್ಕರೆಯ ಪರ್ಮಿಟ್ ಕೊಡುವುದು ಸೋಮವಾರವಂತೆ ಎಂದು ಮಾವನವರನ್ನು ಹೊರಡಿಸಿದೆ. ಸೋಮವಾರದಿಂದ ರಜೆ ಹಾಕಿ, ನಿಜವಾದ ರೇಶನ್ ಆಫೀಸಿನಲ್ಲಿ ಎರಡು ದಿನ ಪಾಳಿಯಲ್ಲಿ ನಿಂತು ಸಕ್ಕರೆ ತಂದೆ. ಅಷ್ಟು ನಿಷ್ಠೆಯಿಂದ ನಾನು ಯಾವ ಕೆಲಸವನ್ನೂ ಮಾಡಿದವನಲ್ಲ. ಮದುವೆ ಸಾಂಗವಾಗಿ ಆಯಿತು. ಬೀಗರು ಲಾಡು ಎರಡೆರಡು ಸಲ ಹಾಕಿಸಿಕೊಂಡರು. ಮಾವನವರು ಕಂಡಕಂಡವರಿಗೆ, ಮುಂಬಯಿಯ ಸರಕಾರಿ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂಡಿಸಿ ಬಾರ್ಲಿ ನೀರು ಕೊಡುತ್ತಾರೆ ಎಂದು ಹೊಗಳುತ್ತ ತಿರುಗಿದರು.

ಅವರನ್ನು ರೈಲಿಗೆ ಹತ್ತಿಸಿ ಮನೆಗೆ ಬಂದು ನಿರಾಳವಾಗಿ ಕಾಲು ಚಾಚಿದೆ. ಹೆಂಡತಿ ದೊಡ್ಡದೊಂದು ಲೋಟ ತಂದು ಮುಂದಿಟ್ಟಳು. ತಣ್ಣಗಿನ, ಸಪ್ಪಗಿನ, ಅಪ್ಪಟ ಬಾರ್ಲಿ ನೀರು.

"ಇದ್ಯಾಕ?" ಎಂದೆ.

"ಶನಿವಾರ ಅಲ್ಲೇನ್ರೀ ಇವತ್ತು? ನಶ್ಯ ಏರಸೂದು ನಮ್ಮಪ್ಪ, ನಾ ಅಲ್ಲ" ಎಂದಳು.

ಎಷ್ಟು ಶನಿವಾರಗಳಿಂದ ಗೊತ್ತಿತ್ತು ಎಂದು ಕೇಳುವ ಧೈರ್ಯ ಬರಲಿಲ್ಲ. ಗಾಬರಿಯಾಗುತ್ತಾಳೆಂದು ನಾನು ಇಷ್ಟು ದಿನ ಕಾಪಾಡಿಕೊಂಡು ಬಂದವಳ ಮುಖದಲ್ಲಿ ಗಾಬರಿಯ ಸುಳಿವೇ ಇರಲಿಲ್ಲ. ಅದೆಲ್ಲ ನನ್ನ ಮುಖದಲ್ಲಿತ್ತು. ಲೋಟ ಎತ್ತಿ, ತಳದ ಕಾಳೂ ಉಳಿಯದಂತೆ ಕುಡಿದೆ.