ಹೊಸ ಕಾರಿನಿಂದ ನಾನು ಇಳಿದ ಬಗೆ

ನಾಸಿಕದಲ್ಲಿರುವ ಕನ್ನಡಿಗರ ಪೈಕಿ ಕಾರು ಓಡಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಯಾರೂ ಇಲ್ಲವೆಂದು ನಾನು ದೃಢವಾಗಿ ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ನಮ್ಮ ಕಾರನ್ನು ನನ್ನ ಹೊರತು ಯಾರಿಂದಲೂ ಓಡಿಸಲು ಆಗುತ್ತಿರಲಿಲ್ಲ!

ಅದು ನಮ್ಮಪ್ಪ ಬೀದರಿನಿಂದ ಇಲ್ಲಿಗೆ ಬಂದು, ಬೇಳೆಕಾಳಿನ ಅಂಗಡಿ ಒಂದು ನೆಲೆಗೆ ನಿಂತ ಮೇಲೆ ಕೊಂಡ ಕಾರು. ದುಂಡು ಮೂತಿ, ಹಾಲಿನ ಬಣ್ಣ, ಮುಂದೆ ಸೋಫಾದಂಥ ಉದ್ದ ಸೀಟು, ಸ್ಟೇರಿಂಗಿನ ಪಕ್ಕದಲ್ಲೇ ಗೇರಿನ ಹಿಡಿ. ಎರಡನೇ ಗೇರಿಗೆ ಹಾಕಬೇಕಾದರೆ ಎಡಗೈಯಿಂದ ಹಿಡಿಯನ್ನು ಎಳೆದು, ಮೊಣಕಾಲಿನಿಂದ ಸ್ಟೇರಿಂಗ್ ಒತ್ತಿ ಹಿಡಿದು, ಬಾಯಲ್ಲಿ ‘ಬಸವಾ’ ಎನ್ನಬೇಕು. ‘ಬಸವಾ’ ಮರೆತರೆ ರಿವರ್ಸ್ ಬೀಳುತ್ತಿತ್ತು. ಒಮ್ಮೆ ದೇವಳಾಲಿ ಕ್ಯಾಂಪಿನಲ್ಲಿ ನಿವೃತ್ತ ಸುಬೇದಾರರೊಬ್ಬರು ರಸ್ತೆ ಬದಿಯಲ್ಲಿ ನಿಂತು ಸೆಲ್ಯೂಟ್ ಹೊಡೆದರು. ನಾನೂ ಗಂಭೀರವಾಗಿ ತಿರುಗಿ ಹೊಡೆದೆ. ಅವರು ಹೊಡೆದದ್ದು ಕಾರಿಗೆ ಎಂದು ಆಮೇಲೆ ತಿಳಿಯಿತು.

ಇಂಥ ಕಾರು ಕಳೆದ ದ್ರಾಕ್ಷಿ ಸುಗ್ಗಿಯಲ್ಲಿ ನನಗೆ ದ್ರೋಹ ಬಗೆಯಿತು. ನಿಫಾಡಿನ ಹತ್ತಿರ, ದ್ರಾಕ್ಷಿ ಕ್ರೇಟು ತುಂಬಿದ ಟ್ರಾಕ್ಟರಿನ ಹಿಂದೆ ಬರುತ್ತಿದ್ದೆವು. ಟ್ರಾಕ್ಟರು ನಿಂತಿತು. ನಾನು ಬ್ರೇಕ್ ಒತ್ತಿದೆ. ಪೆಡಲು ನೆಲ ಮುಟ್ಟಿತು, ಕಾರು ನಿಲ್ಲಲಿಲ್ಲ. ಕಣ್ಣು ಮುಚ್ಚಿ ಸ್ಟೇರಿಂಗ್ ತಿರುಗಿಸಿ, ತೋಟದ ಬೇಲಿಗೆ ಮೂತಿ ಹಚ್ಚಿ ನಿಲ್ಲಿಸಿದೆ. ಪಕ್ಕದಲ್ಲಿದ್ದ ಹೆಂಡತಿ ಮಹಾದೇವಿ ಸೆರಗಿನಿಂದ ಮುಖ ಒರೆಸಿಕೊಂಡು ಒಂದೇ ಮಾತು ಕೇಳಿದಳು: “ಕಣ್ಣ್ ಯಾಕ ಮುಚ್ಚಿದ್ರಿ?”

ಬ್ರೇಕನ್ನೇನೋ ರಿಪೇರಿ ಮಾಡಿಸಿದೆ. ಎದೆಯೊಳಗೆ ಸಡಿಲಾದದ್ದನ್ನು ಯಾವ ಗ್ಯಾರೇಜಿನವನೂ ಬಿಗಿ ಮಾಡಲಿಲ್ಲ. ಅಂದಿನಿಂದ ದೂರದಲ್ಲಿ ಎಮ್ಮೆ ಕಂಡರೂ ಬ್ರೇಕ್ ಒತ್ತುತ್ತಿದ್ದೆ. ಇದನ್ನು ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ಛತ್ರಪತಿ ಸಂಭಾಜಿನಗರಕ್ಕೆ ಕೊಟ್ಟ ನಮ್ಮ ಮಗಳು ಶ್ರದ್ಧಾಳನ್ನು ಚೊಚ್ಚಲ ಬಾಣಂತನಕ್ಕೆ ಕರೆತರುವ ಸಮಯ ಬಂತು. ಮಹಾದೇವಿ ತೀರ್ಪು ಕೊಟ್ಟಳು.

“ಬಸುರಿ ಹುಡುಗೀನ್ನ ಈ ಡಬ್ಬಿಯೊಳಗ ಕೂಡ್ಸೂದಿಲ್ಲ. ಇದನ್ನ ಕೊಟ್ಟು ಹೊಸಾದ್ ತಗೋರಿ. ದಾರಿಯೊಳಗ ಬಂದ್ ಬಿದ್ರ ಏನ್ ಮಾಡ್ತೀರಿ?”

“ಬಸವಾ ಅಂತೀನಿ.”

“ಅಂವಾ ಇನ್ನ ಎಷ್ಟ್ ಸಲ ಇಳದ್ ತಳ್ಳಬೇಕ್ರಿ?”

ಹಳೆಯ ಕಾರಿನಲ್ಲೇ ಸಂಭಾಜಿನಗರಕ್ಕೆ ಹೋಗಿ, ಹೊಸದನ್ನು ಅಲ್ಲೇ ನೋಡುವುದೆಂದು ನಿಶ್ಚಯವಾಯಿತು. ಕಾರಣ, ಅಲ್ಲಿಯ ಶೋರೂಮಿನ ಮಾಲೀಕ ನಮ್ಮ ಬೀಗತಿಯ ಹಳೆಯ ವಿದ್ಯಾರ್ಥಿ. ಬೀಗತಿ ಗುರುಬಾಯಿ ಕಲಬುರಗಿ ಕಡೆಯವರು, ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಅವರು ಕನ್ನಡಕದ ಮೇಲಿನಿಂದ ನೋಡಿದರೆ, ಉಗುರು ಕತ್ತರಿಸಿಕೊಂಡಿದ್ದೇನೋ ಇಲ್ಲವೋ ಎಂದು ನಾನು ಈಗಲೂ ಕೈ ಮುಚ್ಚಿಕೊಳ್ಳುತ್ತೇನೆ. ಲೋಕದಲ್ಲಿ ನಾನು ಹೆದರುವವರ ಸಾಲಿನಲ್ಲಿ ಅವರಿಗೆ ಮಹಾದೇವಿಯ ಪಕ್ಕದಲ್ಲೇ ಕುರ್ಚಿ. ಅವರೂ ಟೆಸ್ಟ್ ಡ್ರೈವಿಗೆ ಬರುತ್ತೇನೆಂದರು!

ಹೊಸ ಕಾರು ನಮ್ಮ ದೇವರಮನೆಗಿಂತ ಸ್ವಚ್ಛವಾಗಿತ್ತು. ಪಕ್ಕದಲ್ಲಿ ಟೈ ಕಟ್ಟಿದ ಸೇಲ್ಸ್‌ಮನ್, ಹಿಂದೆ ಮಹಾದೇವಿ ಮತ್ತು ಬೀಗತಿ. ಬೀಗರ ಮುಂದೆ ನನ್ನ ಕೈಚಳಕ ತೋರಿಸುವ ಅವಕಾಶ! ಬೀಗದಕೈ ತಿರುಗಿಸಲು ತೂತು ಹುಡುಕಿದೆ. ತೂತೇ ಇರಲಿಲ್ಲ. ಸೇಲ್ಸ್‌ಮನ್ ಒಂದು ಗುಂಡಿ ತೋರಿಸಿದ. ಒತ್ತಿದೆ. ಸದ್ದಿಲ್ಲ. ಮತ್ತೆ ಒತ್ತಿದೆ. ಆಗಲೂ ಸದ್ದಿಲ್ಲ.

“ಸರ್, ಮೊದಲನೇ ಸಲ ಚಾಲೂ ಆಗಿತ್ತು. ಈಗ ಬಂದ್ ಮಾಡಿದ್ರಿ,” ಎಂದು ಅವನು ಹಿಂದಿಯಲ್ಲಿ ವಿನಯದಿಂದ ಹೇಳಿದ.

ಸದ್ದು ಮಾಡದ ಯಂತ್ರವನ್ನು ನಂಬುವುದು ಹೇಗೆ? ನಮ್ಮ ಕಾರು ಹೊರಟರೆ ಮೂರನೇ ಓಣಿಯವರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಅಂಜುತ್ತಲೇ ರಸ್ತೆಗಿಳಿದೆ. ನನ್ನ ಎಡಗಾಲು ಅಭ್ಯಾಸಬಲದಿಂದ ಕ್ಲಚ್ ಹುಡುಕಿತು. ಕ್ಲಚ್ ಇಲ್ಲದ ಕಾರಿನಲ್ಲಿ ಅದಕ್ಕೆ ಸಿಕ್ಕಿದ್ದು ಬ್ರೇಕು. ಎಲ್ಲರೂ ಒಮ್ಮೆಲೇ ಮುಂದಕ್ಕೆ ಬಾಗಿದೆವು. ಬೀಗತಿಯ ಕನ್ನಡಕ ಮೂಗು ಬಿಟ್ಟು ನನ್ನ ಭುಜಕ್ಕೆ ಬಂದು ಕೂತಿತು. ಗಾಬರಿಯಲ್ಲಿ ಎಡಗೈ ಗೇರಿನ ಹಿಡಿ ಎಳೆಯಿತು. ಅದು ವೈಪರಿನ ಹಿಡಿ! ಗಾಜಿನ ಮೇಲೆ ನೀರು ಚಿಮ್ಮಿ ರಸ್ತೆಯೇ ಮಾಯವಾಯಿತು.

“ಬಸವಾ!” ಎಂದೆ.

ತಕ್ಷಣ ಕಾರಿನೊಳಗಿನಿಂದ ಹೆಣ್ಣುದನಿಯೊಂದು, ತನಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳಿತು.

“ಮಹಾದೇವಿ, ನೀ ಯಾಕ ಇಂಗ್ಲಿಷ್ ಮಾತಾಡ್ತಿ?”

“ನಾ ಅಲ್ರೀ! ನಿಮ್ಮ ಕಾರು!”

ಪೈಠಣದ ರಸ್ತೆಗೆ ಬಂದೆವು. ಸ್ಟೇರಿಂಗು ತಂತಾನೇ ಒಂದು ಚೂರು ಎಡಕ್ಕೆ ತಿರುಗಿತು. ನಾನು ಬಲಕ್ಕೆ ಎಳೆದೆ. ಅದು ಮತ್ತೆ ಎಡಕ್ಕೆ! ಬಿಳಿ ಗೆರೆ ದಾಟಿದರೆ ಅದು ಹಾಗೆ ಸರಿ ಮಾಡುತ್ತದೆಂದು ಸೇಲ್ಸ್‌ಮನ್ ಹೇಳುತ್ತಿದ್ದ. ನಾನು ಸ್ಟೇರಿಂಗಿನ ಜೊತೆ ಹಗ್ಗಜಗ್ಗಾಟದಲ್ಲಿದ್ದೆ. ಅಷ್ಟರಲ್ಲಿ ಮುಂದಿನ ಟೆಂಪೋ ಗಕ್ಕನೆ ನಿಂತಿತು. ನನ್ನ ಕಣ್ಣಿಗೆ ನಿಫಾಡಿನ ಟ್ರಾಕ್ಟರೇ ಕಂಡಿತು. ಕಾಲು ಬ್ರೇಕಿನ ಕಡೆ ಹೋಗಲೇ ಇಲ್ಲ. ಎದುರಿನ ಪರದೆ ಕೆಂಪಾಗಿ ಕಿಟಾರನೆ ಕಿರುಚಿತು. ನಾನು ಏನೂ ಮಾಡದೆ ಕಾರು ತಾನೇ ನಿಂತಿತು.

ನಾನು ಒತ್ತದ ಬ್ರೇಕನ್ನು ಒತ್ತಿದವರು ಯಾರು? ಆ ಪ್ರಶ್ನೆಗೆ ನನ್ನ ಬುದ್ಧಿ ಉತ್ತರ ಕೊಡುವ ಮೊದಲೇ ಕಾಲುಗಳು ಕೊಟ್ಟವು. ಬೆಲ್ಟ್ ಬಿಚ್ಚಿದೆ, ಬಾಗಿಲು ತೆರೆದೆ, ಇಳಿದೆ!

ಇಳಿದು ರಸ್ತೆಯ ಅಂಚಿಗೆ ನಿಂತು ನಿಟ್ಟುಸಿರು ಬಿಟ್ಟು ನೋಡಿದರೆ, ಟೆಂಪೋ ಮುಂದೆ ಹೋಗಿತ್ತು. ಅದರ ಹಿಂದೆ, ನಾನು ಗೇರಿನಲ್ಲೇ ಬಿಟ್ಟು ಇಳಿದಿದ್ದ ನಮ್ಮ ಕಾರೂ ಬಾಗಿಲು ತೆರೆದುಕೊಂಡು, ಹೆಂಡತಿ ಮತ್ತು ಬೀಗತಿ ಸಮೇತ ಮೆಲ್ಲಗೆ ಹೊರಟಿತ್ತು. ಸ್ಟೇರಿಂಗಿನ ಹಿಂದೆ ಯಾರೂ ಇರಲಿಲ್ಲ. ಇರಬೇಕಾದವನು ನಾನೇ!

“ಬಸಾ ನಾ ಸರ್, ಬಸಾ!” ಕೂಡ್ರಿ, ಕೂಡ್ರಿ ಎಂದು ಸೇಲ್ಸ್‌ಮನ್ ಒಳಗಿನಿಂದ ಮರಾಠಿಯಲ್ಲಿ ಅರಚಿದ. ನಾನು ಚಪ್ಪಲಿ ಬಿಟ್ಟು ಓಡಿದೆ. ಕಾರು ಕಬ್ಬಿನ ಹಾಲಿನ ಗಾಡಿಯತ್ತ ಸಾಗಿತು. ಗಾಡಿಯವನು ಕಬ್ಬು ಎತ್ತಿ ಹಿಡಿದು ನಿಂತ. ಇನ್ನೇನು ತಾಗಿತು ಎನ್ನುವಾಗ ಕಾರು ಮತ್ತೊಮ್ಮೆ ಕಿರುಚಿ, ತಾನಾಗಿಯೇ ನಿಂತಿತು.

“ಬಘಾ! ಹೇಚ್ ತರ್ ಫೀಚರ್ ಆಹೇ!” ನೋಡಿ, ಇದೇ ಇದರ ವಿಶೇಷ ಎಂದು ಸೇಲ್ಸ್‌ಮನ್ ಅಳುದನಿಯಲ್ಲೂ ಹೆಮ್ಮೆಪಟ್ಟ.

ಬೀಗತಿ ಕೆಳಗಿಳಿದರು. ಸೆರಗು ಸರಿ ಮಾಡಿಕೊಂಡು ನನ್ನ ಬರಿಗಾಲನ್ನು ನೋಡಿದರು.

“ಬೀಗರ, ಇಳಿಯೂದಿತ್ತಂದ್ರ ನಮಗೂ ಒಂದ್ ಮಾತ್ ಹೇಳಬೇಕಾಗಿತ್ತಲ್ರಿ. ಕೂಡೇ ಇಳೀತಿದ್ವಿ.”

“ತಪ್ಪಾತ್ರಿ ಅಕ್ಕಾರ.”

“ಇರಲಿ. ಹಿಂದ ಕೂಡ್ರಿ.” ಎಂದವರೇ ಸ್ಟೇರಿಂಗಿಗೆ ಕೂತು, ಗುಂಡಿ ಒತ್ತಿ, ಹಾಜರಿ ಕೂಗುವಷ್ಟು ಸಲೀಸಾಗಿ ಶೋರೂಮಿಗೆ ಓಡಿಸಿಕೊಂಡು ಹೋದರು.

ಮಾನ ಹೋದವನಿಗೆ ಹಟ ಜಾಸ್ತಿ. ಬೀಗರ ಮನೆಯ ಅಂಗಳದಲ್ಲಿ ನಿಂತು ಘೋಷಿಸಿದೆ: “ನಮ್ಮ ಹಳೇ ಕಾರೇ ಚಲೋ. ಅದರ ಮನಸ್ಸು ನನಗ ಗೊತ್ತೈತಿ. ಶ್ರದ್ಧಾ, ಕೂತ್ ನೋಡವ್ವಾ, ಎಷ್ಟ್ ಆರಾಮ್ ಐತಿ!”

ಮಗಳು ನಗುತ್ತಾ, ಹೊಟ್ಟೆ ಹಿಡಿದುಕೊಂಡು ಮುಂದಿನ ಸೀಟಿನಲ್ಲಿ ಕೂತಳು. ನಾನು ಬಾಗಿಲು ಹಾಕಿದೆ. ಹಿಡಿ ನನ್ನ ಕೈಗೆ ಬಂತು. ಒಳಗಿನ ಹಿಡಿ ಎಂದೋ ಹೋಗಿತ್ತು. ಆಚೆ ಕಡೆಯಿಂದ ಇಳಿಯಲು ಸ್ಟೇರಿಂಗಿಗೂ ಸೀಟಿಗೂ ನಡುವೆ ಅವಳ ಹೊಟ್ಟೆಗೆ ಜಾಗವಿರಲಿಲ್ಲ. ಗಾಜು ಅರ್ಧ ಇಳಿದು ನಿಂತಿತು.

ಮೊದಲು ಅವಳು ನಕ್ಕಳು. ಆಮೇಲೆ ನಗು ನಿಂತಿತು. ಮಧ್ಯಾಹ್ನದ ಬಿಸಿಲು, ಮುಖ ಕೆಂಪಾಗಿ ಬೆವರಿತು. “ಪಪ್ಪಾ, ಬಾಗಿಲ ತೆಗೀರಿ ನಾ. ಮಲಾ ಕಸಂತರೀ ಹೋತಯ್.” ಏನೋ ಆಗ್ತಿದೆ ಎಂದಳು.

ಆಗ ನನಗಾದ ಹೆದರಿಕೆಯ ಮುಂದೆ ಟ್ರಾಕ್ಟರೂ ಟೆಂಪೋ ಎರಡೂ ಆಟಿಕೆಗಳು. ಎರಡೂ ಕೈಯಿಂದ ಬಾಗಿಲು ಜಗ್ಗಿದೆ. ‘ಬಸವಾ’ ಎನ್ನಲೂ ಬಾಯಿ ಬರಲಿಲ್ಲ. ಮಹಾದೇವಿ ಅರ್ಧ ಗಾಜಿನಿಂದ ನೀರು ಕುಡಿಸುತ್ತಿದ್ದಳು. ಕೊನೆಗೆ ಬೀಗತಿ ಅಡುಗೆಮನೆಯಿಂದ ಸೌಟು ತಂದು, ಹಿಡಿ ಕಿತ್ತ ತೂತಿಗೆ ಅದರ ತುದಿ ಹಾಕಿ ಮೀಟಿದರು. ಬಾಗಿಲು ತೆರೆಯಿತು. ಮಗಳು ನೆರಳಿಗೆ ಹೋಗಿ ಕೂತು, ಮಜ್ಜಿಗೆ ಕುಡಿದು, “ಆಯಿತು ಬಿಡ್ರಿ, ಠೀಕ್ ಇದ್ದೀನಿ” ಎನ್ನುವವರೆಗೆ ನಾನು ಉಸಿರಾಡಿದ ನೆನಪಿಲ್ಲ.

“ಹೊಸಾದ್ ತಗೊಳ್ಳೋಣ,” ಎಂದೆ.

ಕಾಗದಪತ್ರ ಮುಗಿಯುವವರೆಗೆ ಬೀಗರ ಮನೆಯಲ್ಲೇ ತಲೆ ತಗ್ಗಿಸಿ ಉಂಡೆ. ಹಳೆಯ ಕಾರನ್ನು ಒಯ್ಯಲು ಬಂದ ಶೋರೂಮಿನ ಡ್ರೈವರನಿಗೆ ಅದು ಚಾಲೂ ಆಗಲೇ ಇಲ್ಲ. ನಾನು ಎದೆಯುಬ್ಬಿಸಿ, “ಸರಿಯಪ್ಪಾ, ಇದಕ್ಕ ನನ್ನ ಕೈನೇ ಬೇಕು” ಎಂದು ಹೋಗಿ ಕೂತೆ. ನನಗೂ ಆಗಲಿಲ್ಲ. ಹಗ್ಗ ಕಟ್ಟಿ ಎಳೆದುಕೊಂಡು ಹೋದರು.

ಹೊಸ ಕಾರನ್ನು ನಾಸಿಕಕ್ಕೆ ತಂದವರು ಬೀಗತಿ. ಅವರ ಪಕ್ಕದಲ್ಲಿ ಮಹಾದೇವಿ, ಹಿಂದೆ ಮಗಳು. ಉಳಿದ ಜಾಗದಲ್ಲಿ ಹಪ್ಪಳದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ನಾನು. ಬೀಗತಿ ಮರಳುವ ಮುನ್ನ ಮಹಾದೇವಿಗೆ ಅಂಗಳದಲ್ಲೇ ಪಾಠ ಶುರು ಮಾಡಿದರು. ಮುಂದೆ ಅವಳು ಡ್ರೈವಿಂಗ್ ಶಾಲೆಗೂ ಹೋಗಿ ಲೈಸೆನ್ಸ್ ತಂದಳು.

ಈಗ ಮೊಮ್ಮಗಳು ಬಂದಿದ್ದಾಳೆ. ಮೊನ್ನೆ ಅವಳನ್ನು ಮೊದಲ ಸಲ ತಿರುಗಾಡಿಸಲು ಹೆದ್ದಾರಿಗೆ ಹೋಗಿದ್ದೆವು. ಮಹಾದೇವಿ ಓಡಿಸಿದಳು, ಲಾರಿಗಳನ್ನೂ ಹಿಂದೆ ಹಾಕಿದಳು. ಹೋಗುವಾಗಲೂ ಬರುವಾಗಲೂ ಕಾರಿನೊಳಗೆ ಒಬ್ಬರೇ ಒಂದೇ ಸಮನೆ ಚೀರುತ್ತಿದ್ದರು.

ಕೂಸು ನಿದ್ದೆ ಮಾಡುತ್ತಿತ್ತು.