ಒಗೆಯೋ ಕಲ್ಲಿನ ಕೆಳಗಿನ ಕುದುರೆ

ಎಂಟು ಜನ ಗಂಡಸರು ಹೆಗಲು ಕೊಟ್ಟರೂ ಏಳಲ್ಲ, ಒಬ್ಬ ಅಜ್ಜಿ ಬೈದರೆ ಎದ್ದು ನಿಲ್ಲುತ್ತೆ. ಏನು ಹೇಳಿ?

ತಲೆ ಕೆಡಿಸಿಕೋಬೇಡಿ, ನಿಮಗೆ ಸಿಗಲ್ಲ. ಜೀವಮಾನವೆಲ್ಲ ಇತಿಹಾಸ ಪಾಠ ಮಾಡಿ ರಿಟೈರ್ ಆದ ನಮ್ಮ ಮೇಷ್ಟ್ರಿಗೇ ಸಿಕ್ಕಿಲ್ಲ. ಉತ್ತರ ಕೊನೇಲಿ ಹೇಳ್ತೀನಿ. ಅಲ್ಲಿವರೆಗೆ ನಮ್ಮ ಭಾನುವಾರಗಳ ಕಥೆ ಕೇಳಿ. ಒಂದು ಭಾನುವಾರವೂ ಸುಮ್ಮನೆ ಕಳೆದದ್ದಿಲ್ಲ. ಕಾರಣ ನಾನೇ ಅಂತ ಎಲ್ಲರೂ ಹೇಳ್ತಾರೆ. ಮುಕ್ಕಾಲು ಪಾಲು ಒಪ್ಪಿಕೊಳ್ತೀನಿ.

ಎಸ್ಸೆಸ್ಸೆಲ್ಸೀಲಿ ಎರಡು ಸಲ ಡುಮ್ಕಿ ಹೊಡೆದವನು ನಾನು. ಸ್ಕೂಲಲ್ಲಿ ಇದೇ ಮೇಷ್ಟ್ರು ನನ್ನನ್ನ ಕ್ಲಾಸಿನಿಂದ ಹೊರಗೆ ನಿಲ್ಲಿಸ್ತಿದ್ರು. ರಿಟೈರ್ ಆದಮೇಲೆ ಅವರು ತುಮಕೂರಿನ ಒಂದಷ್ಟು ಜನರನ್ನ ಸೇರಿಸಿಕೊಂಡು ವಾರಕ್ಕೊಂದು ಊರು ತೋರಿಸೋದು, ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟ ಮಾಡೋದು ಅಂತ ಶುರು ಮಾಡಿದ್ರು. ನಾನು ಮೊದಲು ಹೋಗಿದ್ದು ಊಟಕ್ಕೆ. ಆಮೇಲೂ ಹೋಗ್ತಾ ಇದ್ದದ್ದಕ್ಕೆ ಕಾರಣ ಬೇರೆ. ಯಾವುದಾದ್ರೂ ಮುರುಕು ಕಂಬದ ಮುಂದೆ ನಿಂತು ಅವರು ನನ್ನ ಕಡೆ ತಿರುಗಿ, "ಇದೇನಿರಬಹುದು, ನೀನು ಹೇಳೋ ನೋಡೋಣ" ಅಂತಿದ್ರು. ಹತ್ತು ವರ್ಷ ಸ್ಕೂಲಿಗೆ ಬ್ಯಾಗು ಹೊತ್ತಿದೀನಿ, ಒಬ್ಬರೂ ನನ್ನನ್ನ ಹಾಗೆ ಕೇಳಿರಲಿಲ್ಲ.

ಕೇಳಿದಾಗ ಗೊತ್ತಿಲ್ಲ ಅನ್ನೋಕೆ ನಾಲಿಗೆ ಬರ್ತಿರಲಿಲ್ಲ. ತೊಂದರೆ ಆಗಿದ್ದೇ ಅದರಿಂದ.

೧. ಪಾಯಸದ ಗುಳಿ

ತುಮಕೂರಿನಲ್ಲೇ ಒಂದು ಹಳೇ ಛತ್ರ. ಅದರ ಜಗಲಿ ಕಲ್ಲಿನ ಮೇಲೆ ಎರಡು ಸಾಲು ಸಣ್ಣ ಸಣ್ಣ ಗುಳಿ. ಮೇಷ್ಟ್ರು ಹಿಂದೆ ಯಾರ ಜೊತೆಗೋ ಫೋನಲ್ಲಿ ಮಾತಾಡ್ತಿದ್ರು. ನಮ್ಮ ಗುಂಪಿನ ಬ್ಯಾಂಕ್ ಮೇಡಂ, "ಏನಪ್ಪಾ ಇವು?" ಅಂತ ನನ್ನನ್ನ ಕೇಳಿದ್ರು.

"ಮೇಡಂ, ಹಿಂದೆ ಇಲ್ಲಿ ಸೈನಿಕರು ಇಳ್ಕೊಳ್ತಿದ್ರು. ತಟ್ಟೆ ಸಾಲ್ತಿರ್ಲಿಲ್ಲ. ಹಬ್ಬದ ದಿನ ಒಬ್ಬೊಬ್ಬನಿಗೆ ಒಂದೊಂದು ಗುಳಿ. ಅದಕ್ಕೆ ಒಂದು ಸೌಟು ಪಾಯಸ."

"ಅಯ್ಯೋ ಪಾಪ, ಬಗ್ಗಿ ಕುಡೀತಿದ್ರಾ?"

"ಬಗ್ಗಿಯೇ ಮೇಡಂ. ಶಿಸ್ತು."

ಮೇಷ್ಟ್ರು ಬಂದು, ಅದು ದಾರಿಹೋಕರು ಹೊತ್ತು ಕಳೆಯೋಕೆ ಅಳಗುಳಿ ಆಡ್ತಿದ್ದ ಮಣೆ ಅಂತ ವಿವರಿಸಿದ್ರು. ಅಷ್ಟರಲ್ಲಿ ಮೇಡಂ ಪಾಯಸಾನ ಫೋಟೋ ಸಮೇತ ವಾಟ್ಸಾಪಿಗೆ ಹಾಕಿ ಆಗಿತ್ತು.

ಮೂರು ದಿನಕ್ಕೆ ಮೇಷ್ಟ್ರ ಫೋನಿಗೆ ಅವರ ಬಾಮೈದನಿಂದ ಒಂದು ಫಾರ್ವರ್ಡ್ ಬಂತು. "ನಿಮಗಿದು ಗೊತ್ತೇ?" ಅಂತ ದಪ್ಪಕ್ಷರ, ಕೆಳಗೆ ಸೈನಿಕರು, ಶಿಸ್ತು, ಪಾಯಸ. ಅದರ ಕೆಳಗೆ ಬಾಮೈದ ಸ್ವಂತ ಕೈಯಿಂದ ಬರೆದಿದ್ದ: "ಭಾವ, ಅಷ್ಟು ವರ್ಷ ಹಿಸ್ಟರಿ ಪಾಠ ಮಾಡಿದ್ರಲ್ಲ, ಇಂಥದ್ದನ್ನ ಒಂದು ದಿನವೂ ಹೇಳ್ಲೇ ಇಲ್ಲ ನೀವು."

ಅವತ್ತೇ ಮೇಷ್ಟ್ರು ಕಾನೂನು ಮಾಡಿದ್ರು. ಸುಳ್ಳು ಇತಿಹಾಸ ಹೇಳಿದವನಿಗೆ ಊಟದಲ್ಲಿ ಎಲೆ ಇಲ್ಲ. ಕಾನೂನು ಎಲ್ಲರಿಗೂ ಅಂದ್ರು, ನೋಡಿದ್ದು ಮಾತ್ರ ನನ್ನನ್ನ.

೨. ಮೈಲಿಗಲ್ಲು

ಕುಣಿಗಲ್ ದಾರೀಲಿ, ರಸ್ತೆಯಿಂದ ಸ್ವಲ್ಪ ಒಳಗೆ, ಗಿಡಗಂಟಿ ಮಧ್ಯೆ ಒಂದು ಹಳೇ ಮೈಲಿಗಲ್ಲು ಇದೆ. ಹಳೇ ರಸ್ತೆ ಅಲ್ಲೇ ಹೋಗ್ತಿತ್ತು ಅನ್ನೋದಕ್ಕೆ ಅದೊಂದೇ ಸಾಕ್ಷಿ. ಮೇಷ್ಟ್ರಿಗೆ ಅದನ್ನ ಕಂಡರೆ ಮಗು ಕಂಡಷ್ಟು ಪ್ರೀತಿ. ಮುಂದಿನ ಸಲ ಎಲ್ಲರನ್ನೂ ಕರ್ಕೊಂಡು ಬಂದು ಅದರ ಮೇಲಿನ ಅಂಕಿ ಓದಿಸಬೇಕು ಅಂತ, ಒಂದು ಶನಿವಾರ ನನ್ನ ಜೊತೆ ಹೋಗಿ ನೋಡಿಕೊಂಡು ಬಂದ್ರು.

ವಾಪಸ್ ಹೊರಡುವಾಗ ನಾನು ಹಿಂದೆ ಉಳಿದೆ. ಜೇಬಲ್ಲಿ ಯಾವುದೋ ದೇವಸ್ಥಾನದ ಕುಂಕುಮದ ಪೊಟ್ಟಣ ಇತ್ತು. ಕಲ್ಲಿಗೆ ಮೂರು ಬೊಟ್ಟು ಇಟ್ಟೆ, ಮೇಲೊಂದು ಕಾಡು ಹೂವು. ಅಷ್ಟೇ. ಏನಾಗುತ್ತೋ ನೋಡೋಣ ಅಂತ.

ಎರಡು ವಾರ ಬಿಟ್ಟು ಗುಂಪು ಕಟ್ಟಿಕೊಂಡು ಹೋದ್ವಿ. ಗಿಡಗಂಟಿ ಸವರಿ ಆಗಿತ್ತು. ಕಲ್ಲಿಗೆ ಹಳದಿ ಪಂಚೆ. ಮೇಲೆ ನಾಲ್ಕು ಕಂಬ, ಒಂದು ಶೀಟು. ಅಂಕಿ ಇದ್ದ ಜಾಗದಲ್ಲಿ ಎಣ್ಣೆ, ಅರಿಶಿನ, ಬೆಣ್ಣೆ. ಒಬ್ಬ ಯಜಮಾನರು ತೆಂಗಿನಕಾಯಿ ಒಡೀತಿದ್ರು.

ಮೇಷ್ಟ್ರು ಎರಡು ಹೆಜ್ಜೆ ಮುಂದಿಟ್ರು. "ಚಪ್ಪಲಿ ಬಿಟ್ಬನ್ನಿ ಸ್ವಾಮಿ" ಅಂದ್ರು ಯಜಮಾನರು.

"ಇದು ಯಾವ ದೇವರು?"

"ಕೇಳಿದ್ದೆಲ್ಲ ಕೊಡೋ ದೇವ್ರು."

"ಎಷ್ಟು ದಿನದಿಂದ ಪೂಜೆ ನಡೀತಿದೆ?"

"ದಿನ ಏನ್ ಬಂತು ಬುಡಿ, ನಮ್ಮ ಮುತ್ತಾತನ ಕಾಲದಿಂದ್ಲೂ ಐತೆ."

ಮೇಷ್ಟ್ರು ನಿಧಾನವಾಗಿ ನನ್ನ ಕಡೆ ತಿರುಗಿದ್ರು. "ನಾನು ಬಾಯಲ್ಲಿ ಒಂದು ಮಾತೂ ಸುಳ್ಳು ಹೇಳಿಲ್ಲ ಸಾರ್" ಅಂದೆ.

"ಕೈಯಲ್ಲಿ ಹೇಳಿದ್ದೀಯ."

ಅವತ್ತು ನನಗೆ ಎಲೆ ಇಲ್ಲ. ವ್ಯಾನಿನಲ್ಲಿ ಕೂತು ಎಲ್ಲರೂ ಉಣ್ಣೋದನ್ನ ನೋಡಿದೆ. ಅದಕ್ಕೂ ಮುಂಚೆ ಒಂದು ಕೆಲಸ ಮಾಡಿದ್ದೆ, ಯಾರಿಗೂ ಹೇಳಬೇಡಿ. ಚಪ್ಪಲಿ ಬಿಟ್ಟು ಮೂರು ಸುತ್ತು ಬಂದೆ. ಎಸ್ಸೆಸ್ಸೆಲ್ಸಿ ಮೂರನೇ ಸಲ ಕಟ್ಟಬೇಕಲ್ಲ.

೩. ಗೋಬಿಯ ವಂಶಾವಳಿ

ಮಾರ್ಕೋನಹಳ್ಳಿ ಡ್ಯಾಮಿಗೆ ಹೋದಾಗ ಮೇಷ್ಟ್ರು ಹೊಸ ಪದ್ಧತಿ ತಂದ್ರು. ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ತಲೆಮಾರುಗಳಿಂದ ಮಾಡ್ತಾ ಬಂದ ಒಂದು ಪದಾರ್ಥ ತರಬೇಕು, ಅದರ ಕಥೆ ಹೇಳಬೇಕು. ಊಟವೂ ಇತಿಹಾಸವೇ ಅನ್ನೋದು ಅವರ ವಾದ.

ಬ್ಯಾಂಕ್ ಮೇಡಂ ಹುರುಳಿಕಾಳಿನ ಬಸ್ಸಾರು ತಂದಿದ್ರು. ಬಟವಾಡಿ ಬಡಾವಣೆಯಿಂದ ಬರೋ ಅಂಕಲ್ ಒಬ್ಬರಿದ್ದಾರೆ, ಅವರ ಮನೆಯವರು ತವರಿಗೆ ಹೋಗಿದ್ರು. ಅಂಕಲ್ಲೇ ದೊಡ್ಡ ಸ್ಟೀಲ್ ಡಬ್ಬಿ ಮುಚ್ಚಳ ತೆಗೆದ್ರು. ಒಳಗೆ ಗೋಬಿ ಮಂಚೂರಿ.

ಅಂಕಲ್ ಎದ್ದು ನಿಂತು ಶುರು ಮಾಡಿದ್ರು. ಅವರ ತಾತನ ತಾತ ಹೂಕೋಸು ಬೆಳೀತಿದ್ದದ್ದು, ಬರದ ವರ್ಷ ಅದನ್ನ ಕರಿದು ಒಣಗಿಸಿ ಇಟ್ಟದ್ದು, ಕೆಂಪು ಬಣ್ಣ ಬಂದದ್ದು ಮನೆಯ ಬ್ಯಾಡಗಿ ಮೆಣಸಿನಕಾಯಿಂದ. ಹತ್ತು ನಿಮಿಷ. ನನಗಂತೂ ಗುರು ಸಿಕ್ಕಷ್ಟು ಸಂತೋಷ.

"ಸಾರ್, ಕಾನೂನು ಎಲ್ಲರಿಗೂ ಅಲ್ವಾ? ಅಂಕಲ್ ಎಲೆ ಎತ್ತಿಸಿ" ಅಂದೆ.

ಮೇಷ್ಟ್ರ ಬಾಯಿ ತುಂಬ ಗೋಬಿ ಇತ್ತು.

ನನ್ನ ಸರದಿ ಬಂತು. ಅಮ್ಮ ಅರೆದು ಕೊಟ್ಟಿದ್ದ ಹುಚ್ಚೆಳ್ಳು ಚಟ್ನಿ ಮುಂದಿಟ್ಟೆ. ಕಥೆ ಕಟ್ಟಬಹುದಿತ್ತು, ಕಟ್ಟಲಿಲ್ಲ. "ಇದು ಗುಬ್ಬಿ ಹತ್ರದ ನಮ್ಮಜ್ಜಿ ಮನೆ ಚಟ್ನಿ. ಅಜ್ಜಿ ಮನೆ ಹಿತ್ತಲಲ್ಲಿ ಒಂದು ಒಗೆಯೋ ಕಲ್ಲಿದೆ. ಚಿಕ್ಕವನಿದ್ದಾಗ ನನ್ನ ಗೋಲಿ ಅದರ ಕೆಳಗೆ ಹೋಯ್ತು. ಕೈ ಹಾಕಿದಾಗ ಕಲ್ಲಿನ ಅಡಿಯಲ್ಲಿ ಕುದುರೆ ಕಾಲು ಸಿಕ್ತು. ಕೆತ್ತಿದ್ದು" ಅಂದೆ.

ಎಲ್ಲರೂ ನಕ್ಕರು. ಗೋಬಿಗೆ ತಲೆದೂಗಿದವರೂ ನಕ್ಕರು.

ಮೇಷ್ಟ್ರು ನಗಲಿಲ್ಲ. "ಹಾಗಾದ್ರೆ ಮುಂದಿನ ಭಾನುವಾರ ಅಲ್ಲಿಗೇ ಹೋಗೋಣ. ಕುದುರೆ ಇದ್ರೆ ಅದು ವೀರಗಲ್ಲು, ಹೋರಾಡಿ ಸತ್ತವನ ಗುರುತಿಗೆ ನಿಲ್ಲಿಸಿದ್ದು. ಇಲ್ಲ ಅಂದ್ರೆ ನೀನು ಇನ್ನು ಬರೋದು ಬೇಡ. ಎಲೆ ಮಾತ್ರ ಅಲ್ಲ, ಗುಂಪಿಗೇ ಬೇಡ" ಅಂದ್ರು.

ಜೀವನದಲ್ಲಿ ಮೊದಲ ಸಲ ನಿಜ ಹೇಳಿ ಸಿಕ್ಕಿಬಿದ್ದಿದ್ದೆ.

೪. ಕುದುರೆ ಕಾಲು

ಆ ವಾರ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಗೋಲಿ ಆಡೋ ವಯಸ್ಸಲ್ಲಿ ಮುಟ್ಟಿದ್ದು. ಕುದುರೆ ಕಾಲೋ, ಬರೀ ಉಬ್ಬೋ? ನನ್ನ ಸುಳ್ಳಿನ ಪೈಕಿ ಇದೂ ಒಂದಾಗಿ, ನಾನೇ ನಂಬಿಬಿಟ್ಟಿದೀನೋ?

ಭಾನುವಾರ ವ್ಯಾನು ಅಜ್ಜಿ ಮನೆ ಮುಂದೆ ನಿಂತಿತು. ಹದಿನಾಲ್ಕು ಜನ ಇಳಿಯೋದನ್ನ ನೋಡಿ ಅಜ್ಜಿ, "ಏನ್ಲಾ, ದಿಬ್ಬಣ ಕರ್ಕೊಂಡ್ ಬಂದಿದೀಯ? ಹೆಣ್ಣೆಲ್ಲಿ?" ಅಂತು.

ಮೇಷ್ಟ್ರು ಕೈ ಮುಗಿದ್ರು. "ಅಮ್ಮಾ, ನಿಮ್ಮ ಒಗೆಯೋ ಕಲ್ಲನ್ನ ಒಂದು ಸಲ ಮಗುಚಿ ನೋಡಬಹುದಾ?"

"ಯಾಕಪ್ಪಾ, ನಿಮ್ಮ ತುಮ್ಕೂರಲ್ಲಿ ಕಲ್ಲಿಲ್ವಾ?"

"ಅದರ ಅಡಿಯಲ್ಲಿ ಯಾರೋ ವೀರನ ಚಿತ್ರ ಇರಬಹುದು."

"ಇದ್ರೆ ಇರ್ಲಿ ಬುಡು. ತಣ್ಣಗೆ ಮಲಗವ್ನೆ. ನೀವು ಮಗುಚಿಬುಟ್ರೆ ನಾನೆಲ್ಲಿ ಒಗೀಲಿ, ನಿನ್ನ ಬೆನ್ಮೇಲಾ?"

ಕೊನೆಗೆ ಅಜ್ಜಿಯೇ, "ಆಯ್ತು, ಎತ್ತಿ ನೋಡ್ರಪ್ಪ. ಸಾರು ಕುದಿಯೋವರ್ಗೂ ಟೈಮ್ ಐತೆ" ಅಂತು. ಎಂಟು ಜನ ಗಂಡಸರು ಹೆಗಲು ಕೊಟ್ಟರು. ಕಲ್ಲು ಅಲ್ಲಾಡಲಿಲ್ಲ. ಬಟವಾಡಿ ಅಂಕಲ್ ಪ್ಯಾಂಟಿನ ಹೊಲಿಗೆ ಮಾತ್ರ ಪರ್ರ್ ಅಂತು.

"ನಾನೂ ನಮ್ಮತ್ತೇನೂ ಇಬ್ರೇ ಉರುಳಿಸ್ಕೊಂಡ್ ಬಂದ ಕಲ್ಲದು" ಅಂತು ಅಜ್ಜಿ. "ಬನ್ರಿ, ಮುದ್ದೆ ಆರ್ತದೆ."

ಎಲೆ ಹಾಕಿದ್ರು. ನನ್ನದೂ ಹಾಕಿದ್ರು. ನಾನು ಕೂರಲಿಲ್ಲ. ಮೇಷ್ಟ್ರೂ ಕೂರಲಿಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ, "ನೀನು ಕೈ ಹಾಕಿದ್ದು ಎಲ್ಲಿ?" ಅಂದ್ರು.

ತೋರಿಸಿದೆ. ಕಲ್ಲಿನ ಎರಡು ತುದಿಗೂ ಸಣ್ಣ ಕಲ್ಲು ಕೊಟ್ಟು ಕೂರಿಸಿರೋದರಿಂದ ಕೆಳಗೆ ಗೇಣಿಗಿಂತ ಕಡಿಮೆ ಸಂದು. ಮೇಷ್ಟ್ರು ವಾಚ್ ಬಿಚ್ಚಿ ನನ್ನ ಕೈಗೆ ಕೊಟ್ರು. ಬಿಳೀ ಅಂಗಿ, ಇಸ್ತ್ರಿ ಪ್ಯಾಂಟು, ಹಾಗೇ ಸೋಪಿನ ನೀರಿನಲ್ಲಿ ಬೋರಲು ಮಲಗಿದ್ರು. ಕೈ ಭುಜದವರೆಗೂ ಒಳಗೆ ಹೋಯ್ತು. ಕಣ್ಣು ಮುಚ್ಚಿದ್ರು.

ಒಲೆ ಮೇಲೆ ಸಾರು ಕುದಿಯೋದು ಕೇಳಿಸ್ತಿತ್ತು.

"ಗೊರಸು" ಅಂದ್ರು ಮೇಷ್ಟ್ರು. ಬೆರಳು ಇನ್ನೂ ಮೇಲಕ್ಕೆ ಸರಿಸಿದ್ರು. "ಮೊಣಕಾಲು ಮಡಿಸಿದೆ ಕಣೋ. ಓಡ್ತಾ ಇದೆ. ಮೇಲೆ ಇನ್ನೂ ಏನೋ ಇದೆ, ಕೈ ಎಟುಕ್ತಿಲ್ಲ."

ಆಮೇಲೆ ಆಗಿದ್ದನ್ನ ನೀವು ನೋಡಬೇಕಿತ್ತು. ಎಲೆ ಮುಂದೆ ಕೂತಿದ್ದವರೆಲ್ಲ ಎದ್ದು ಬಂದ್ರು. ಬ್ಯಾಂಕ್ ಮೇಡಂ ಸೀರೆ ನೆರಿಗೆ ಎತ್ತಿ ಕಟ್ಟಿ ಮಲಗಿದ್ರು, "ಹೌದ್ರೀ, ಕಾಲೇ" ಅಂದ್ರು. ಅಂಕಲ್ ಹಿಂದೆ ಟವೆಲ್ ಸುತ್ತಿಕೊಂಡು ಮಲಗಿದ್ರು, "ನಂಗೆ ಬಾಲ ಸಿಕ್ತು" ಅಂದ್ರು. ಅದು ಬಾಲ ಅಲ್ಲ, ಅಜ್ಜಿಯ ಕಳೆದುಹೋದ ಸೋಪು. ಕ್ಯೂ ಹಿತ್ತಲ ಬಾಗಿಲವರೆಗೂ ಬೆಳೀತು. ಒಬ್ಬೊಬ್ಬರೂ ಮಲಗೋರು, ಮುಟ್ಟೋರು, ಏಳೋರು.

ಅಜ್ಜಿ ಸೌಟು ಹಿಡಿದು ಬಾಗಿಲಲ್ಲಿ ನಿಂತಿತ್ತು. "ನಮ್ಮೂರ ದೇವ್ರಿಗೂ ಇಷ್ಟು ಜನ ಉದ್ದಂಡ ಬಿದ್ದಿಲ್ಲ ಕಣ್ಲಾ" ಅಂತು.

ಮೇಷ್ಟ್ರು ಒದ್ದೆ ಅಂಗಿಯಲ್ಲೇ ಬಂದು ಅಜ್ಜಿ ಕೈಯಿಂದ ಸೌಟು ಇಸಕೊಂಡು, ಮೊದಲು ನನ್ನ ಎಲೆಗೆ ಸಾರು ಬಡಿಸಿದ್ರು. ಸಾರು ಮುದ್ದೆ ದಾಟಿ ಎಲೆಯ ಆಚೆ ಹರೀತಿದ್ರೂ ಬಡಿಸ್ತಾನೇ ಇದ್ರು.

ಊಟ ಆದಮೇಲೆ ಅಜ್ಜಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಕಲ್ಲಿನ ಮುಂದೆ ನಿಂತು, "ಏಳ್ಲಾ ಸೋಮಾರಿ, ಇಷ್ಟು ಜನ ಮನೇಗ್ ಬಂದವ್ರೆ, ಎದ್ದು ಮಾತಾಡ್ಸೋಕೇನು?" ಅಂತ ಬೈತು. ಕಲ್ಲು ಗರ್ ಅಂತ ಅಲ್ಲಾಡಿ ತಾನಾಗಿ ಎದ್ದು ನಿಂತಿತು. ಕುದುರೆ, ಕತ್ತಿ, ಗಿರಿಜಾ ಮೀಸೆಯ ವೀರ, ಎಲ್ಲ ಫಳಫಳ ಹೊಳೀತಿತ್ತು.

ಒಗಟಿಗೆ ಉತ್ತರ ಸಿಕ್ತಲ್ಲ, ಇಲ್ಲಿಗೆ ನಿಲ್ಲಿಸಬಹುದು. ಆದರೆ ಇದನ್ನ ಮೇಷ್ಟ್ರು ಓದ್ತಾರೆ, ಭಾನುವಾರ ಹತ್ತಿರ ಬರ್ತಿದೆ, ಕಾನೂನು ಇನ್ನೂ ಜಾರಿಯಲ್ಲಿದೆ. ಅದಕ್ಕೆ ನಾನೇ ಒಪ್ಪಿಕೊಂಡುಬಿಡ್ತೀನಿ. ಅಜ್ಜಿ ಬೈದದ್ದು ನಿಜ, ಆದರೆ ಕಲ್ಲಿಗಲ್ಲ. ಎದ್ದದ್ದೂ ನಿಜ, ಆದರೆ ಕಲ್ಲಲ್ಲ. ಉಂಡು ಅಲ್ಲೇ ಗೋಡೆಗೆ ಒರಗಿ ಗೊರಕೆ ಹೊಡೀತಿದ್ದ ನಾನು. ಕಲ್ಲು ಮಲಗಿದ ಹಾಗೇ ಇದೆ, ನಿನ್ನೆ ಕೂಡ ಅಜ್ಜಿ ಅದರ ಮೇಲೆ ಕಂಬಳಿ ಒಗೆದಿದೆ. ಕುದುರೆ ಕಾಲು ಸತ್ಯ, ಮೀಸೆ ನಾನು ಕಟ್ಟಿದ್ದು.